ತಲೆಕೆಳಗಾದರೆ ಪರವಾಗಿಲ್ಲ, ಎಡಬಲ ಬದಲಾದರೆ ಕಷ್ಟ

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. ಎದುರಿನ ತೆಂಗಿನ ಮರ ತಲೆಕೆಳಗೆ ಕಾಣ್ತಿದೆ, ಇದೇನು ಕೆಟ್ಟಿದೆಯಾ? ಕೆಟ್ಟಿಲ್ಲ, ಎಲ್ಲ ಟೆಲಿಸ್ಕೋಪೂ ಹಾಗೇ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ಆಮೇಲೆ ಒಂದು ಮಾತು ಸೇರಿಸುತ್ತಾರೆ: ಆಕಾಶದಲ್ಲಿ ಮೇಲೆ ಕೆಳಗೆ ಅಂತೇನೂ ಇಲ್ಲವಲ್ಲ, ಸುಮ್ನೆ ನೋಡಿ.

ಈ ಉತ್ತರ ಅರ್ಧ ಸರಿ. ಆಕಾಶದಲ್ಲಿ ಮೇಲೆ ಕೆಳಗೆ ಇಲ್ಲ, ಒಪ್ಪಿದೆ. ಆದರೆ ಎಡ ಬಲ ಇದೆ. ತಲೆಕೆಳಗಾಗಿ ಕಾಣುವ ಟೆಲಿಸ್ಕೋಪ್ ಮತ್ತು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಗಿ ಕಾಣುವ ಟೆಲಿಸ್ಕೋಪ್, ಇವೆರಡನ್ನೂ ಒಂದೇ ಲೆಕ್ಕಕ್ಕೆ ಹಾಕಿ ಬಿಡುತ್ತೇವೆ. ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಕಾಯಿಲೆಯೇ ಅಲ್ಲ.

ತಲೆಕೆಳಗಾಗಿ ಹಿಡಿದ ಪೇಪರನ್ನು ಕೈಯಲ್ಲಿ ತಿರುಗಿಸಿಕೊಂಡರೆ ಓದಬಹುದು. ಕನ್ನಡಿಯಲ್ಲಿ ಕಂಡ ಪೇಪರನ್ನು ಎಷ್ಟು ತಿರುಗಿಸಿದರೂ ಓದಲು ಆಗದು. ನಕ್ಷತ್ರಗಳ ನಕ್ಷೆಗೂ ಇದೇ ಮಾತು. ಟೆಲಿಸ್ಕೋಪಿನಲ್ಲಿ ಬಿಂಬ ಬರೀ ತಿರುಗಿದ್ದರೆ ನಕ್ಷೆಯನ್ನೂ ಅಷ್ಟೇ ತಿರುಗಿಸಿ ಹಿಡಿದುಕೊಂಡು ಕೆಲಸ ಮುಗಿಸಬಹುದು. ಬಿಂಬ ಕನ್ನಡಿಯದಾಗಿದ್ದರೆ ಆ ನಕ್ಷೆಗೂ ಈ ಬಿಂಬಕ್ಕೂ ಯಾವ ಕೋನದಲ್ಲೂ ಹೊಂದುವುದಿಲ್ಲ. ಹಳಬರು ಇದಕ್ಕೊಂದು ಉಪಾಯ ಮಾಡುತ್ತಿದ್ದರು. ನಕ್ಷೆಯ ಹಾಳೆಯನ್ನು ಹಿಂದುಮುಂದು ಮಾಡಿ, ಅದರ ಹಿಂದೆ ಕೆಂಪು ಟಾರ್ಚ್ ಹಿಡಿದು, ಕಾಗದದ ಬೆನ್ನಿನಿಂದ ಮೂಡುವ ಚುಕ್ಕಿಗಳನ್ನು ನೋಡುವುದು. ಈಗ ಫೋನಿನಲ್ಲಿ ಸ್ಟೆಲೇರಿಯಂ ತರಹದ ಆ್ಯಪ್‌ಗಳಿವೆ, ಕೆಲವುಗಳಲ್ಲಿ ಚಿತ್ರವನ್ನು ಅಡ್ಡ ಮಗುಚುವ ವ್ಯವಸ್ಥೆಯೂ ಸಿಗುತ್ತದೆ. ಆದರೆ ಬರಿಗಣ್ಣಿಗೆ ಒಂದು ಆಕಾಶ, ಫೋನಿನಲ್ಲಿ ಇನ್ನೊಂದು ಆಕಾಶ ಇಟ್ಟುಕೊಂಡು ತಲೆಯಲ್ಲಿ ಎರಡನ್ನೂ ಹೊಂದಿಸುವುದು ಹಾಯಾಗಿ ಕೂರಬೇಕಾದ ರಾತ್ರಿಗೆ ಜಾಸ್ತಿ ಕೆಲಸ.

ನಿಮ್ಮ ಟೆಲಿಸ್ಕೋಪ್ ಯಾವ ಜಾತಿ ಎಂದು ತಿಳಿಯಲು ಲೆಕ್ಕ ಸುಲಭ. ಬೆಳಕು ಕಣ್ಣಿಗೆ ಬರುವ ಮೊದಲು ಎಷ್ಟು ಸಲ ಕನ್ನಡಿಗೆ ಬಡಿದು ತಿರುಗುತ್ತದೆ ಎಂದು ಎಣಿಸಿ. ಮಸೂರಗಳನ್ನು ಎಣಿಸಬೇಡಿ. ಮಸೂರ ಬಿಂಬವನ್ನು ಅರ್ಧ ಸುತ್ತು ತಿರುಗಿಸಬಹುದು, ಕನ್ನಡಿಯಂತೆ ಎಡಬಲ ಬದಲಿಸಲಾರದು. ಸಮ ಸಂಖ್ಯೆ ಬಂದರೆ ಎಡಬಲ ಸರಿಯಾಗಿದೆ, ಬೆಸ ಬಂದರೆ ಬದಲಾಗಿದೆ. ಅಷ್ಟೇ. ಮಸೂರದ ಟೆಲಿಸ್ಕೋಪಿಗೆ ನೇರವಾಗಿ ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ ಸೊನ್ನೆ, ಅಂದರೆ ಸಮ. ತಲೆಕೆಳಗೆ ಕಾಣುತ್ತದೆ, ಆದರೆ ತಿರುಗಿಸಿದರೆ ಸರಿಹೋಗುವಂಥದ್ದು. ನ್ಯೂಟನ್ ಮಾದರಿಯಲ್ಲಿ ಕೆಳಗೊಂದು ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಒಂದು ಸಣ್ಣ ಚಪ್ಪಟೆ ಕನ್ನಡಿ, ಒಟ್ಟು 2. ಅದೂ ಸಮ. ಮಸೂರದ ಟೆಲಿಸ್ಕೋಪಿಗೆ ಎಲ್ಲರೂ ಹಾಕುವ ಕನ್ನಡಿ ಡಯಾಗೊನಲ್, ಅಂದರೆ ಬಗ್ಗದೆ ನೋಡಲೆಂದು ಐಪೀಸಿನ ಮುಂದೆ ಬೆಳಕನ್ನು ಬಾಗಿಸುವ ತುಂಡು, ಸೇರಿಸಿದರೆ 1. ಬೆಸ. ಮಸೂರ, ಕನ್ನಡಿ ಎರಡೂ ಇರುವ ಷ್ಮಿಟ್ ಕಾಸೆಗ್ರೇನ್, ಮಕ್ಸುಟೊವ್ ಮಾದರಿಗಳಲ್ಲಿ ಒಳಗೆ 2, ಡಯಾಗೊನಲ್‌ದು 1, ಒಟ್ಟು 3. ಅದೂ ಬೆಸ. ಅಂದರೆ ಡಬ್ಬಿಯ ಜೊತೆ ಬರುವ ಆ ಸಣ್ಣ ಕನ್ನಡಿಯೇ ನಮ್ಮ ಕತ್ತನ್ನು ಉಳಿಸಲು ಬಂದು ಎಡಬಲವನ್ನು ಕೆಡಿಸಿ ಹೋಗುತ್ತದೆ.

ಇದಕ್ಕೆ ಮದ್ದು ಅಮಿಚಿ ಪ್ರಿಸಂ. ಅಂಗಡಿಯಲ್ಲಿ ಕರೆಕ್ಟ್ ಇಮೇಜ್ ಡಯಾಗೊನಲ್ ಎಂದು ಕೇಳಿದರೂ ಕೊಡುತ್ತಾರೆ. ಜಿಯೊವಾನಿ ಬಟಿಸ್ಟಾ ಅಮಿಚಿ ಇಟಲಿಯ ಮೊಡೆನಾದವನು, 1786ರಲ್ಲಿ ಹುಟ್ಟಿ 1863ರಲ್ಲಿ ತೀರಿಕೊಂಡ. ಆಕಾಶಕ್ಕಿಂತ ಮೈಕ್ರೋಸ್ಕೋಪಿನ ಕೆಲಸಕ್ಕೇ ಅವನ ಹೆಸರು ಜಾಸ್ತಿ. ಅವನ ಪ್ರಿಸಮ್ಮಿನಲ್ಲಿ ಒಂದೇ ಚಪ್ಪಟೆ ಮುಖ ಇರಬೇಕಾದ ಜಾಗದಲ್ಲಿ, 90 ಡಿಗ್ರಿಗೆ ಸೇರುವ ಎರಡು ಮುಖಗಳನ್ನು ಮನೆಯ ಮಾಡಿನ ಆಕಾರದಲ್ಲಿ ಕೆತ್ತಿರುತ್ತಾರೆ. ಎಡದ ಮುಖಕ್ಕೆ ಬಿದ್ದ ಬೆಳಕು ಬಲದ ಮುಖಕ್ಕೆ ಹಾರುತ್ತದೆ, ಬಲದ್ದು ಎಡಕ್ಕೆ. ಒಂದು ಸಲ ತಿರುಗಬೇಕಾದ ಬೆಳಕು ಎರಡು ಸಲ ತಿರುಗಿತು. 1 ಹೋಗಿ 2 ಆಯಿತು, ಬೆಸ ಹೋಗಿ ಸಮ ಆಯಿತು. ಕೇಳಲು ಇಷ್ಟೇ. ಮಾಡುವಾಗ ಆ 90 ಡಿಗ್ರಿಯಲ್ಲಿ ಕೆಲವೇ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ವ್ಯತ್ಯಾಸವಾದರೂ ಒಂದು ನಕ್ಷತ್ರ ಎರಡಾಗಿ ಕಾಣುತ್ತದೆ. ಒಳ್ಳೆಯದಕ್ಕೆ ಬೆಲೆ ಯಾಕೆ ಏರುತ್ತದೆ ಎಂಬುದಕ್ಕೆ ಇದೇ ಕಾರಣ. ತೀರಾ ಅಗ್ಗದ್ದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬಾರದು ಎಂಬುದಕ್ಕೂ ಇದೇ.

ಇಲ್ಲಿ ಒಂದು ಆಯ್ಕೆ ಇದೆ. ಅಮಿಚಿ ಡಯಾಗೊನಲ್ 45 ಡಿಗ್ರಿಯದೂ ಸಿಗುತ್ತದೆ, 90 ಡಿಗ್ರಿಯದೂ ಸಿಗುತ್ತದೆ. ಜಾಸ್ತಿ ಕಣ್ಣಿಗೆ ಬೀಳುವುದು, ಕಿಟ್‌ಗಳ ಜೊತೆ ಬರುವುದು 45ರದ್ದು. ಅದನ್ನು ಕೊಳ್ಳಬೇಡಿ ಎಂದು ನಾನು ಯಾಕೆ ಹೇಳುತ್ತೇನೆ ಎಂದರೆ, ನಾವಿರುವ ಜಾಗಕ್ಕಾಗಿ.

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅಕ್ಷಾಂಶ ಸುಮಾರು 14 ಡಿಗ್ರಿ ಉತ್ತರ. ಹಿತ್ತಲಿನ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ತೆಂಗು, ಹಿಂದೆ ಒಂದು ಹಳೇ ಹಲಸು. ದಿಗಂತ ಅನ್ನುವುದು ಇಲ್ಲವೇ ಇಲ್ಲ. ಧ್ರುವ ನಕ್ಷತ್ರ 14 ಡಿಗ್ರಿ ಎತ್ತರದಲ್ಲಿ ಎಲ್ಲೋ ಅಡಿಕೆ ಸೋಗೆಗಳ ಹಿಂದೆ ಇರುತ್ತದೆ, ಇದೆ ಎಂದು ನಂಬಿಕೊಂಡಿದ್ದೇನೆ. ದಕ್ಷಿಣದ ಒಮೆಗಾ ಸೆಂಟಾರಿ ಗುಚ್ಛ ಏರಿದರೂ 28 ಡಿಗ್ರಿಯ ಸುತ್ತಮುತ್ತ, ಅದಕ್ಕೆ ಏಪ್ರಿಲ್, ಮೇ ರಾತ್ರಿಗಳಲ್ಲಿ ತಾರಸಿ ಹತ್ತಬೇಕು. ಹಿತ್ತಲಿಗೆ ಉಳಿಯುವುದು ನೆತ್ತಿಯ ಮೇಲಿನ ಆಕಾಶ ಒಂದೇ.

ಅದೇನೂ ಕಡಿಮೆ ಆಸ್ತಿ ಅಲ್ಲ. ಈ ಅಕ್ಷಾಂಶದಲ್ಲಿ ರೋಹಿಣಿ ನಕ್ಷತ್ರ ನೆತ್ತಿಯಿಂದ ಎರಡೂವರೆ ಡಿಗ್ರಿಯೊಳಗೆ ಹಾದುಹೋಗುತ್ತದೆ. ಮಘಾ ಸುಮಾರು 2 ಡಿಗ್ರಿ. ಆರ್ದ್ರಾ 7 ಡಿಗ್ರಿಯೊಳಗೆ, ಸ್ವಾತಿ 5, ಪುಷ್ಯದ ಜೇನುಗೂಡು ಗುಚ್ಛ 6ರೊಳಗೆ, ಕೃತ್ತಿಕೆ 10. ಮಹಾವ್ಯಾಧನ ನೀಹಾರಿಕೆಯೂ 20 ಡಿಗ್ರಿ ದಾಟುವುದಿಲ್ಲ. ಗುರು, ಶನಿ ಯಾವ ವರ್ಷವಾದರೂ ನಡು ಆಕಾಶ ದಾಟುವಾಗ ಇಲ್ಲಿ 50 ಡಿಗ್ರಿಗಿಂತ ಮೇಲೆಯೇ ಇರುತ್ತಾರೆ. ಲಂಡನ್ನಿನಲ್ಲಿ ಇದೇ ಗ್ರಹಗಳು ಕೆಟ್ಟ ವರ್ಷಗಳಲ್ಲಿ 15 ಡಿಗ್ರಿ ಮುಟ್ಟಲು ಪರದಾಡುತ್ತವೆ. ಅಲ್ಲಿಯವರು ಬರೆದ ಪುಸ್ತಕ ಓದಿ, ಅಲ್ಲಿಯವರಿಗೆ ಹೊಂದುವ ಸಾಮಾನು ಕೊಂಡು ಇಲ್ಲಿ ಕುಳಿತರೆ ಮೊದಲು ಗೊತ್ತಾಗುವುದು ಕತ್ತಿಗೆ.

ನೆತ್ತಿಯ ಕಡೆ ತಿರುಗಿಸಿದ ಟೆಲಿಸ್ಕೋಪಿಗೆ ನೇರ ಐಪೀಸ್ ಹಾಕಿದರೆ ನೆಲದಲ್ಲಿ ಮಲಗಬೇಕು. 45 ಡಿಗ್ರಿ ಪ್ರಿಸಂ ಹಾಕಿದರೆ ಅರ್ಧ ಮಾತ್ರ ಉಪಕಾರ, ಆಗಲೂ ನೀವು 45 ಡಿಗ್ರಿ ಮೇಲಕ್ಕೆ ಮುಖ ಎತ್ತಿ, ಕೊಳವೆಯ ಕೆಳಗೆ ತಲೆ ತೂರಿಸಿ ಕೂರಬೇಕು. 90 ಡಿಗ್ರಿಯದಾದರೆ ಎದುರಿಗೆ ನೇರವಾಗಿ ನೋಡಿದರೆ ಸಾಕು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಆನಿಸಿ ಕುಳಿತಂತೆಯೇ. 45ರದ್ದು ಹಗಲಿನ ಸಾಮಾನು. ಎದುರಿನ ಮರದಲ್ಲಿ ಕುಳಿತ ಮಂಗಟ್ಟೆ ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಅದರ ಕೆಲಸವೂ ಅದೇ. ರಾತ್ರಿಗೆ 90.

ನನ್ನದು 80 ಮಿಲಿಮೀಟರ್ ಮಸೂರದ, 400 ಮಿಲಿಮೀಟರ್ ನಾಭಿದೂರದ ಗಿಡ್ಡ ಕೊಳವೆ. ಇದನ್ನು ದೊಡ್ಡ ಟೆಲಿಸ್ಕೋಪ್ ಇರುವವರು ಟೆಲಿಸ್ಕೋಪ್ ಎಂದೇ ಕರೆಯುವುದಿಲ್ಲ. 25 ಮಿಲಿಮೀಟರ್ ಐಪೀಸ್ ಹಾಕಿದರೆ 16 ಪಟ್ಟು, ಸುಮಾರು 3 ಡಿಗ್ರಿ ಅಗಲದ ಆಕಾಶ. ಅಂದರೆ ಆರು ಚಂದ್ರರನ್ನು ಸಾಲಾಗಿ ಜೋಡಿಸಬಹುದು. ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಳ್ಳುವುದು. ಇಂಥ ಕೊಳವೆಯಲ್ಲಿ ಖುಷಿ ಸಿಗುವುದೇ ಅಲೆದಾಡುವುದರಲ್ಲಿ. ಒಂದು ನಕ್ಷತ್ರದಿಂದ ಹೊರಟು, ಪಕ್ಕದ ತ್ರಿಕೋನ ಹಿಡಿದು, ಅಲ್ಲಿಂದ ಒಂದು ಸಾಲು ಹಿಡಿದು, ಎಲ್ಲಿಗೋ ತಲುಪುವುದು. ಎಡಬಲ ಸರಿಯಾಗಿದ್ದರೆ ಮಾತ್ರ ಈ ಅಲೆದಾಟ ಹಾಯಾಗಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ನೀವೇ ಪರೀಕ್ಷೆ ಮಾಡಬಹುದು. ಫೆಬ್ರವರಿ, ಮಾರ್ಚ್ ರಾತ್ರಿ ಲುಬ್ಧಕ ಎತ್ತರದಲ್ಲಿರುತ್ತದೆ. ಅದರಿಂದ ಪೂರ್ವಕ್ಕೆ, ಚಾಚಿದ ಕೈಯ ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಸುಮಾರು 12 ಡಿಗ್ರಿ ಹೋದರೆ ಎರಡು ನಕ್ಷತ್ರ ಗುಚ್ಛಗಳು ಅಕ್ಕಪಕ್ಕ ಇವೆ. ಮೆಸಿಯೆ ಎಂಬವನ ಪಟ್ಟಿಯಲ್ಲಿ ಅವುಗಳ ಹೆಸರು ಎಂ 47, ಎಂ 46. ಇವುಗಳ ನಡುವೆ ಒಂದೂವರೆ ಡಿಗ್ರಿಯೂ ಇಲ್ಲ, ನನ್ನ 16 ಪಟ್ಟಿನಲ್ಲಿ ಎರಡೂ ಒಟ್ಟಿಗೆ ಹಿಡಿಸುತ್ತವೆ. ಆದರೆ ಸ್ವಭಾವ ಬೇರೆ. ಎಂ 47ರದ್ದು ಕೆಲವೇ ನಕ್ಷತ್ರ, ಆದರೆ ಮಿಂಚುವಂಥವು. ತಕ್ಷಣ ಕಾಣುತ್ತದೆ. ಎಂ 46ರಲ್ಲಿ ನಕ್ಷತ್ರಗಳು ತುಂಬಾ ಇವೆ, ಎಲ್ಲವೂ ಮಂಕು. ಪುಡಿ ಚೆಲ್ಲಿದಷ್ಟು ಮಾತ್ರ ಕಾಣುತ್ತದೆ, ಹುಡುಕಿದರೆ ಮಾತ್ರ.

ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಪೂರ್ವ ನಮ್ಮ ಎಡಕ್ಕೆ. ಹಾಗಾಗಿ ಸರಿಯಾದ ಬಿಂಬದಲ್ಲಿ ಮಂಕು ಗುಚ್ಛ ಎಡಕ್ಕಿರಬೇಕು, ಮಿಂಚುವುದು ಬಲಕ್ಕೆ. ಕನ್ನಡಿ ಡಯಾಗೊನಲ್ ಹಾಕಿ ನೋಡಿ, ಅದಲು ಬದಲು. ಎಂ 47 ಸಿಕ್ಕಿತು ಎಂದು ನಕ್ಷೆ ನೋಡಿ ಎಂ 46ಕ್ಕಾಗಿ ಎಡಕ್ಕೆ ಹುಡುಕಿದರೆ ಅಲ್ಲಿ ಏನೂ ಇಲ್ಲ. ಪಟ್ಟಣದ ಬೆಳಕಿನಲ್ಲಿ ಕೂತವರು ಇಲ್ಲಿ ಆಕಾಶ ಸರಿಯಿಲ್ಲ, ಬೆಳಕಿನ ಮಾಲಿನ್ಯ ಎಂದುಕೊಂಡು ಮುಂದೆ ಹೋಗುತ್ತಾರೆ. ಮಂಕು ವಸ್ತುಗಳ ವಿಷಯದಲ್ಲಿ ಎಡಬಲ ತಪ್ಪಿದರೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ನನ್ನ ದೂರು ಇದೇ.

ತಳ್ಳುವುದರಲ್ಲೂ ಇದೇ ಕಥೆ. ಆಕಾಶ ನಿಲ್ಲುವುದಿಲ್ಲವಲ್ಲ. 4 ನಿಮಿಷಕ್ಕೆ 1 ಡಿಗ್ರಿ ಜಾರುತ್ತದೆ, ಚಂದ್ರ 2 ನಿಮಿಷದಲ್ಲಿ ತನ್ನ ಅಗಲದಷ್ಟು ಸರಿಯುತ್ತಾನೆ. 16 ಪಟ್ಟಿನಲ್ಲಿ ಇದು ಗೊತ್ತಾಗುವುದಿಲ್ಲ, 80 ಪಟ್ಟಿನಲ್ಲಿ ಮಾತು ಮುಗಿಯುವಷ್ಟರಲ್ಲಿ ಗ್ರಹ ಹೊರಗೆ. ಅಮಿಚಿ ಇದ್ದರೆ ಬಲಕ್ಕೆ ಜಾರಿದ್ದನ್ನು ಹಿಡಿಯಲು ಕೊಳವೆಯನ್ನೂ ಬಲಕ್ಕೆ ತಳ್ಳುವುದು, ಯೋಚನೆ ಮಾಡಬೇಕಾಗಿಲ್ಲ. ಕನ್ನಡಿ ಇದ್ದರೆ ಕಂಡ ದಿಕ್ಕಿಗೆ ಎದುರು ತಳ್ಳಬೇಕು. ಅದೂ ಅಡ್ಡಕ್ಕೆ ಮಾತ್ರ ಎದುರು, ಮೇಲೆ ಕೆಳಗೆ ಸರಿಯಾಗಿಯೇ. ಅಭ್ಯಾಸವಾದವರಿಗೆ ಇದು ಏನೂ ಅಲ್ಲ, ಕೈಗೆ ತಾನಾಗಿ ಬರುತ್ತದೆ. ಆದರೆ ರಜೆಗೆ ಬಂದ ಮಕ್ಕಳು ಸಾಲಾಗಿ ನಿಂತು ನೋಡುವಾಗ, ಪ್ರತಿಯೊಬ್ಬರಿಗೂ ಎದುರು ತಳ್ಳು, ಇಲ್ಲ ಇಲ್ಲ ಆ ಕಡೆ ಅಂತ ಹೇಳಿಕೊಂಡು ನಿಲ್ಲಲು ನನಗೆ ತಾಳ್ಮೆ ಸಾಲದು. ಅಮಿಚಿ ಹಾಕಿಕೊಟ್ಟರೆ ಹತ್ತು ವರ್ಷದ ಮಗುವೂ ಶನಿಯನ್ನು ತಾನೇ ಹಿಡಿದುಕೊಂಡು ಕೂರುತ್ತದೆ. ದೊಡ್ಡವರು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ.

ಚಂದ್ರನ ವಿಷಯಕ್ಕೆ ಬರೋಣ, ಯಾಕೆಂದರೆ ಬಂದವರೆಲ್ಲ ಮೊದಲು ಕೇಳುವುದು ಅವನನ್ನೇ. ಶುಕ್ಲ ಪಕ್ಷದ ಅಷ್ಟಮಿಯ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ನೋಡಿದರೆ ಬಲ ಅರ್ಧ ಬೆಳಗಿರುತ್ತದೆ. ಕನ್ನಡಿ ಡಯಾಗೊನಲ್ಲಿನಲ್ಲಿ ಎಡ ಅರ್ಧ. ಅಂದರೆ ಶುಕ್ಲ ಪಕ್ಷ ಒಳಗೆ ಹೋಗಿ ಕೃಷ್ಣ ಪಕ್ಷವಾಯಿತು. ಮೇರ್ ಕ್ರೈಸಿಯಂ ಎಂಬ ಆ ಕಪ್ಪು ಅಂಡಾಕಾರದ ಮಚ್ಚೆ ಬಲ ಅಂಚಿನಲ್ಲಿರಬೇಕಾದದ್ದು ಎಡಕ್ಕೆ ಬಂದು ಕೂತಿರುತ್ತದೆ. ಈಗಿನ ಮಕ್ಕಳು ಕ್ರೈಸಿಯಂ ಕೇಳುವುದಿಲ್ಲ ಬಿಡಿ, ಚಂದ್ರಯಾನ 3 ಎಲ್ಲಿ ಇಳಿದದ್ದು ತೋರಿಸಿ ಅನ್ನುತ್ತಾರೆ. 2023ರ ಆಗಸ್ಟ್ 23ರಂದು ಅದು ಇಳಿದ ಜಾಗ ಚಂದ್ರನ ದಕ್ಷಿಣಕ್ಕೆ 69 ಡಿಗ್ರಿ, ಪೂರ್ವಕ್ಕೆ 32 ಡಿಗ್ರಿ. ಲ್ಯಾಂಡರ್ ಯಾವ ಟೆಲಿಸ್ಕೋಪಿನಲ್ಲೂ ಕಾಣದು, ಆದರೆ ಜಾಗ ತೋರಿಸಬಹುದು. ಅಷ್ಟಮಿಯಂದು ಅಲ್ಲಿ ಬಿಸಿಲು ಬಿದ್ದಿರುತ್ತದೆ, ಕೆಳ ಅಂಚಿನ ಹತ್ತಿರ, ಕತ್ತಲೆ ಬೆಳಕಿನ ಗೆರೆಯಿಂದ ಸ್ವಲ್ಪ ಬಲಕ್ಕೆ, ಕುಳಿಗಳು ಒತ್ತೊತ್ತಾಗಿರುವಲ್ಲಿ. ಬಿಂಬ ಸರಿಯಾಗಿದ್ದರೆ ಫೋನಿನಲ್ಲಿರುವ ಇಸ್ರೊ ಚಿತ್ರವನ್ನು ಪಕ್ಕದಲ್ಲಿ ಹಿಡಿದು ಇಕೋ ಇಲ್ಲಿ ಅನ್ನಬಹುದು.

ಆದರೆ ಇಲ್ಲೊಂದು ತಕರಾರು ಇದೆ, ಪ್ರಿಸಂ ಮಾರುವವರು ಇದನ್ನು ಹೇಳುವುದಿಲ್ಲ. ಸರಿಯಾದ ಬಿಂಬ ಎಂದರೆ ಬರಿಗಣ್ಣಿಗೆ ಕಂಡಂತೆ ಎಂದು ಅರ್ಥ, ನಕ್ಷೆಯಲ್ಲಿ ಇದ್ದಂತೆ ಎಂದಲ್ಲ. ನಮ್ಮ ಅಕ್ಷಾಂಶದಲ್ಲಿ ಬರಿಗಣ್ಣಿನ ಚಂದ್ರನೇ ರಾತ್ರಿಯುದ್ದಕ್ಕೂ ತಿರುಗುತ್ತಿರುತ್ತಾನೆ. ಮೂಡುವಾಗ ಅವನ ಉತ್ತರ ನಮ್ಮ ಎಡಕ್ಕೆ, ಮುಳುಗುವಾಗ ನಮ್ಮ ಬಲಕ್ಕೆ. ಬಿದಿಗೆ ಚಂದ್ರ ನಮ್ಮಲ್ಲಿ ದೋಣಿಯಾಗಿ ಮಲಗುವುದು ಇದಕ್ಕೇ. ಉತ್ತರ ಮೇಲಿಟ್ಟು ಅಚ್ಚು ಹಾಕಿದ ನಕ್ಷೆ ಆ ಹೊತ್ತಿಗೆ ಕಾಲು ಸುತ್ತು ತಿರುಗಿಸಬೇಕು. ಇನ್ನು ಪ್ರತಿ ತಿಂಗಳೂ ಚಂದ್ರ ನೆತ್ತಿಗಿಂತ ಉತ್ತರಕ್ಕೆ ಹೋಗುವ ದಿನಗಳಿವೆ, ಆಗ ಉತ್ತರಕ್ಕೆ ಮುಖ ಮಾಡಿ ನೋಡಬೇಕು, ಪೂರ್ವ ಬಲಕ್ಕೆ ಬರುತ್ತದೆ, ಮೇಲೆ ನಾನು ಹೇಳಿದ ಎಡಬಲವೆಲ್ಲ ತಿರುವುಮುರುವು. ಯುರೋಪಿನಿಂದ ಬಂದ ಪುಸ್ತಕಗಳಲ್ಲಿ ಚಂದ್ರ, ಗ್ರಹ ಎಲ್ಲ ಯಾವಾಗಲೂ ದಕ್ಷಿಣಕ್ಕೇ ಇರುತ್ತವೆ. ನಮಗೆ ಆ ಭಾಗ್ಯ ಇಲ್ಲ. ಸಾಲದ್ದಕ್ಕೆ, ಕೂರಲು ಅನುಕೂಲವಾಗಲಿ ಎಂದು ಡಯಾಗೊನಲ್ಲನ್ನು ಪಕ್ಕಕ್ಕೆ ವಾಲಿಸಿದರೆ ಬಿಂಬವೂ ಅಷ್ಟೇ ವಾಲುತ್ತದೆ. ಅಮಿಚಿ ಇದನ್ನೆಲ್ಲ ಸರಿ ಮಾಡುವುದಿಲ್ಲ. ಆದರೆ ಇದೆಲ್ಲ ಬರೀ ತಿರುಗುವುದು. ನಕ್ಷೆ ತಿರುಗಿಸಿ, ತಲೆ ವಾಲಿಸಿ, ಮುಗಿಯಿತು.

ಹಿಂದಿನವರು ತಿರುಗಿದ ಬಿಂಬಕ್ಕೆ ತಲೆ ಕೆಡಿಸಿಕೊಂಡವರೇ ಅಲ್ಲ. ಗೆಲಿಲಿಯೊ 1609ರಲ್ಲಿ ಆಕಾಶಕ್ಕೆ ತಿರುಗಿಸಿದ ಕೊಳವೆಯಲ್ಲಿ ಬಿಂಬ ನೇರವಾಗಿಯೇ ಇತ್ತು, ಕಣ್ಣಿನ ಕಡೆ ನಿಮ್ನ ಮಸೂರ ಇದ್ದುದರಿಂದ. ಆದರೆ ಕಾಣುವ ಆಕಾಶ ತೀರಾ ಕಿರಿದು, ಅವನ 20 ಪಟ್ಟಿನ ಕೊಳವೆಯಲ್ಲಿ ಚಂದ್ರ ಇಡಿಯಾಗಿ ಹಿಡಿಸುತ್ತಿರಲಿಲ್ಲ. 1611ರಲ್ಲಿ ಕೆಪ್ಲರ್ ಎರಡೂ ಕಡೆ ಪೀನ ಮಸೂರ ಹಾಕಬಹುದು ಎಂದು ಬರೆದ. ಬಿಂಬ ತಲೆಕೆಳಗಾಯಿತು, ಆಕಾಶ ಅಗಲವಾಯಿತು. ಖಗೋಳದವರು ಅಗಲವನ್ನೇ ಆರಿಸಿಕೊಂಡರು. ಆಮೇಲೆ ಬಹಳ ಕಾಲ ಚಂದ್ರನ ನಕ್ಷೆಗಳನ್ನೇ ದಕ್ಷಿಣ ಮೇಲೆ ಮಾಡಿ ಬರೆಯುವುದು ರೂಢಿಯಾಯಿತು, ಟೆಲಿಸ್ಕೋಪಿನಲ್ಲಿ ಕಾಣುವಂತೆ. ಮನುಷ್ಯ ಅಲ್ಲಿಗೆ ಹೋಗಿ ನಿಲ್ಲುವ ಮಾತು ಬಂದ ಮೇಲೆ, 1961ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಚಂದ್ರನ ಪೂರ್ವ ಪಶ್ಚಿಮವನ್ನು ಅಲ್ಲಿ ನಿಂತವನ ಲೆಕ್ಕಕ್ಕೆ ಬದಲಿಸಿತು. ಹಳೆಯ ಪುಸ್ತಕ ಕೈಗೆ ಸಿಕ್ಕಿದರೆ ಇದು ನೆನಪಿರಲಿ, ಇಲ್ಲದಿದ್ದರೆ ಗೊಂದಲ ಗ್ಯಾರಂಟಿ.

ಇಷ್ಟು ಹೊಗಳಿದ ಮೇಲೆ ಅಮಿಚಿಯ ಬೈಗುಳವೂ ಆಗಲಿ. ಆ ಎರಡು ಮುಖ ಸೇರುವ ಅಂಚು ಬೆಳಕಿನ ದಾರಿಯ ನಟ್ಟ ನಡುವೆ ಇದೆ. ಲುಬ್ಧಕ, ಗುರು, ಶುಕ್ರ ಇಂಥ ಪ್ರಖರ ಬೆಳಕು ಬಂದಾಗ ಅಲ್ಲಿಂದ ಒಂದು ಸಣ್ಣ ಗೆರೆ ಏಳುತ್ತದೆ, ಗ್ರಹದ ಎರಡೂ ಕಡೆಗೆ ಚಾಚಿಕೊಂಡು. ಒಳ್ಳೆಯ ಪ್ರಿಸಮ್ಮಿನಲ್ಲಿ ಸಣ್ಣದಾಗಿ, ಅಗ್ಗದ್ದರಲ್ಲಿ ಢಾಳಾಗಿ. 16 ಪಟ್ಟಿನಲ್ಲಿ ನನಗೆ ಅದರ ಗೋಜಿಲ್ಲ. 80 ಪಟ್ಟಿನಲ್ಲಿ ಗುರುವಿನ ಪಟ್ಟೆ ನೋಡುವಾಗ ಗೆರೆ ಕಣ್ಣಿಗೆ ಚುಚ್ಚುತ್ತದೆ, ಜೊತೆಗೆ ಬಿಂಬದ ಚೂಪು ಸ್ವಲ್ಪ ಮೊಂಡಾಗುತ್ತದೆ. ಜೋಡಿ ನಕ್ಷತ್ರ ಬಿಡಿಸಿ ನೋಡುವುದಕ್ಕಂತೂ ಬೇಡವೇ ಬೇಡ. ನನ್ನಂಥ ಗಿಡ್ಡ ಕೊಳವೆಯಲ್ಲಿ ಬೆಳಕು ಕಡಿದಾದ ಕೋನದಲ್ಲಿ ಒಳಬರುವುದರಿಂದ ಪ್ರಿಸಮ್ಮಿನ ಗಾಜು ತಾನೂ ಒಂದಿಷ್ಟು ಬಣ್ಣ ಸೇರಿಸುತ್ತದೆ. ಅಗ್ಗದ ಪ್ರಿಸಂಗಳಲ್ಲಿ ಒಳಗಿನ ಕಿಂಡಿ ಕಿರಿದು, 32 ಮಿಲಿಮೀಟರ್ ಐಪೀಸ್ ಹಾಕಿದರೆ ಅಂಚುಗಳು ಕಪ್ಪಾಗುತ್ತವೆ. ಅದಕ್ಕೇ ಆ ಕನ್ನಡಿ ಡಯಾಗೊನಲ್ಲನ್ನು ಬಿಸಾಡಬೇಡಿ. ಅಲೆದಾಡಲು ಅಮಿಚಿ, ಗ್ರಹದ ಮುಂದೆ ಕೂರಲು ಕನ್ನಡಿ. ಬದಲಿಸಲು ಒಂದು ತಿರುಪು ಸಡಿಲಿಸಿದರೆ ಸಾಕು. 2026ರ ಜನವರಿಯಲ್ಲಿ ಗುರು ಮಿಥುನದಲ್ಲಿ, ನೆತ್ತಿಗೆ ಎಂಟು ಡಿಗ್ರಿ ದೂರದಲ್ಲಿ ಹಾದುಹೋಗುತ್ತಿದ್ದಾಗ ಹೀಗೇ ಮಾಡುತ್ತಿದ್ದೆ: ನಾಲ್ಕು ಉಪಗ್ರಹಗಳಲ್ಲಿ ಯಾವುದು ಯಾವುದು ಎಂದು ಆ್ಯಪ್ ಜೊತೆ ಹೋಲಿಸಿ ಗುರುತಿಸುವವರೆಗೆ ಅಮಿಚಿ, ಆಮೇಲೆ ಪಟ್ಟೆಗಳಿಗೆ ಕನ್ನಡಿ. ಎಡಕ್ಕೆ ಎರಡು ಬಲಕ್ಕೆ ಎರಡು ಇರುವ ರಾತ್ರಿ ಕನ್ನಡಿಯಲ್ಲಿ ನೋಡಿದರೆ ಕ್ಯಾಲಿಸ್ಟೊವನ್ನು ಗ್ಯಾನಿಮೀಡ್ ಅಂದುಕೊಳ್ಳುವುದು ತುಂಬಾ ಸುಲಭ.

ದುಡ್ಡು ಒಂದಕ್ಕೇ ಇದೆ ಅನ್ನುವವರಿಗೆ ನಾನು ಮುಖ್ಯ ಕೊಳವೆಗೆ ಪ್ರಿಸಂ ಕೊಳ್ಳಿ ಅನ್ನುವುದಿಲ್ಲ. ಮೊದಲು ಫೈಂಡರ್ ಬದಲಿಸಿ. ಟೆಲಿಸ್ಕೋಪಿನ ಬೆನ್ನ ಮೇಲೆ ಕೂರುವ ಆ ಸಣ್ಣ ದುರ್ಬೀನು ಮಾಮೂಲಿಯಾಗಿ ನೇರ ಕೊಳವೆ, ತಲೆಕೆಳಗಿನ ಬಿಂಬ. ನೆತ್ತಿಯ ಹತ್ತಿರದ್ದು ನೋಡಬೇಕಾದರೆ ಮಂಡಿಯೂರಿ, ಕತ್ತು ಹಿಂದಕ್ಕೆ ಬಾಗಿಸಿ, ಒಂದು ಕೈಯಲ್ಲಿ ಟ್ರೈಪಾಡ್ ಹಿಡಿದು ಇಣುಕಬೇಕು, ನಮ್ಮ ಹಿತ್ತಲಲ್ಲಿ ಮಂಡಿಯ ಕೆಳಗೆ ಜಂಬಿಟ್ಟಿಗೆ ಕಲ್ಲು ಬೇರೆ. 90 ಡಿಗ್ರಿಗೆ ಬಾಗಿದ, ಒಳಗೆ ಅಮಿಚಿ ಇರುವ 8x50 ಅಥವಾ 9x50 (ಅಂದರೆ 8 ಅಥವಾ 9 ಪಟ್ಟು, 50 ಮಿಲಿಮೀಟರ್ ಮಸೂರ) ಫೈಂಡರ್ ಸಿಗುತ್ತದೆ. ಅದರಲ್ಲಿ ಕಾಣುವುದಕ್ಕೂ ನಕ್ಷೆಯಲ್ಲಿ ಇರುವುದಕ್ಕೂ ಎಡಬಲ ಒಂದೇ. ಹುಡುಕಾಟ ನಡೆಯುವುದೇ ಫೈಂಡರಿನಲ್ಲಿ, ಹಾಗಾಗಿ ಎಡಬಲ ಸರಿಯಿರಬೇಕಾದದ್ದೂ ಅಲ್ಲಿಯೇ. ದೊಡ್ಡ ಕೊಳವೆಯಲ್ಲಿ ಎಡಬಲ ತಪ್ಪಿದ್ದರೂ ಆಗ ಅಷ್ಟು ಕಾಡುವುದಿಲ್ಲ, ವಸ್ತು ಆಗಲೇ ನಡುವೆ ಬಂದು ಕೂತಿರುತ್ತದಲ್ಲ.

ಇದರ ಒಂದೇ ತೊಂದರೆ, ಪಕ್ಕದಿಂದ ನೋಡುವಾಗ ಕೊಳವೆ ಆಕಾಶದ ಯಾವ ಕಡೆಗೆ ಮುಖ ಮಾಡಿದೆ ಎಂಬುದೇ ತಿಳಿಯುವುದಿಲ್ಲ. ಅದಕ್ಕೆ ಜೊತೆಗೊಂದು ರೆಡ್ ಡಾಟ್ (ಕೆಂಪು ಚುಕ್ಕಿಯಿಂದ ಗುರಿ ತೋರಿಸುವ ಸಾಧನ) ಇರಲಿ, ಇಲ್ಲ ಟೆಲ್‌ರಾಡ್. ಟೆಲ್‌ರಾಡ್ ಗಾಜಿನ ಮೇಲೆ ಅರ್ಧ, 2, 4 ಡಿಗ್ರಿಯ ಮೂರು ಕೆಂಪು ಬಳೆಗಳನ್ನು ಆಕಾಶದ ಮೇಲೆ ತೇಲಿಸುತ್ತದೆ. ದೊಡ್ಡದು ಮಾಡುವುದಿಲ್ಲ, ತಿರುಗಿಸುವುದಿಲ್ಲ. ಎರಡೂ ಕಣ್ಣು ಬಿಟ್ಟು ಲುಬ್ಧಕದ ಮೇಲೆ ಬಳೆ ಇಡಿ, ಆಮೇಲೆ ಕುಳಿತು ಫೈಂಡರಿನಲ್ಲಿ ಪೂರ್ವಕ್ಕೆ ಹೊರಡಿ.

ನ್ಯೂಟನ್ ಅಥವಾ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರಿಸಿದ ನ್ಯೂಟನ್ ಮಾದರಿಯೇ) ಇರುವವರು ಮುಖ್ಯ ಕೊಳವೆಯ ಚಿಂತೆಯನ್ನೇ ಬಿಡಬಹುದು. 2 ಕನ್ನಡಿ, ಸಮ, ಎಡಬಲ ಸರಿ. ಬಿಂಬ ಓರೆಯಾಗಿ ತಿರುಗಿರುತ್ತದೆ ಅಷ್ಟೇ, ನಕ್ಷೆ ತಿರುಗಿಸಿಕೊಳ್ಳಿ. ಐಪೀಸ್ ಕೊಳವೆಯ ಮೇಲ್ತುದಿಯಲ್ಲಿ ಪಕ್ಕಕ್ಕೆ ಇರುವುದರಿಂದ ಕತ್ತಿಗೂ ತೊಂದರೆ ಇಲ್ಲ. ಅಗ್ಗದ ಕಿಟ್‌ಗಳಲ್ಲಿ ಒಂದೂವರೆ ಪಟ್ಟಿನ ಎರೆಕ್ಟಿಂಗ್ ಐಪೀಸ್ ಎಂದು ಒಂದು ಉದ್ದನೆಯ ಕೊಳವೆ ಬರುತ್ತದೆ, ಬಿಂಬವನ್ನು ನೇರ ಮಾಡುತ್ತದೆ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಮಾಡುತ್ತದೆ, ನಿಜ. ಜೊತೆಗೆ ಮಂಕೂ ಮಾಡುತ್ತದೆ, ಕಿರಿದೂ ಮಾಡುತ್ತದೆ. ಆಕಾಶಕ್ಕೆ ಅದರ ಉಪಯೋಗ ಏನೂ ಇಲ್ಲ. ಅಮಿಚಿಯನ್ನು ನ್ಯೂಟನ್ನಿಗೆ ಹಾಕಲು ಹೋಗಬೇಡಿ, ಸಾಮಾನ್ಯವಾಗಿ ಫೋಕಸ್ಸೇ ಸಿಗುವುದಿಲ್ಲ. ಪ್ರಿಸಂ ಹಾಕಿದಾಗ ಬೆಳಕಿನ ದಾರಿ ಉದ್ದವಾಗುತ್ತದೆ, ಐಪೀಸನ್ನು ಅಷ್ಟು ಒಳಗೆ ತಳ್ಳಲು ಅಲ್ಲಿ ಜಾಗ ಇರುವುದಿಲ್ಲ.

ಮತ್ತೆ, ಇದ್ಯಾವುದೂ ಬೇಡ, ಸುಮ್ನೆ ಮಲಗಿ ನೋಡಬೇಕು ಅನ್ನುವವರಿಗೆ 10x50 ಬೈನಾಕ್ಯುಲರ್ ಇದ್ದೇ ಇದೆ. ಅದರೊಳಗಿನ ಪೊರೊ ಪ್ರಿಸಂಗಳು ಬಿಂಬವನ್ನು ನೇರ ಮಾಡಿಯೇ ಕೊಡುತ್ತವೆ. ಇಗ್ನಾಜಿಯೊ ಪೊರೊ ಅದಕ್ಕೆ 1854ರಲ್ಲೇ ಪೇಟೆಂಟ್ ಪಡೆದಿದ್ದ. ಆರಾಮ ಕುರ್ಚಿಯಲ್ಲಿ ಒರಗಿಕೊಂಡರೆ ನೆತ್ತಿಯ ಆಕಾಶ ಎದುರಿಗೇ ಬರುತ್ತದೆ. ಕೈ ನಡುಗುವುದೊಂದು ಬಿಟ್ಟರೆ ದೂರಲು ಏನೂ ಇಲ್ಲ. ಎಂ 47 ಅದರಲ್ಲೂ ಕಾಣುತ್ತದೆ, ಎಂ 46ಕ್ಕೆ ಕರೆಂಟ್ ಹೋದ ರಾತ್ರಿ ಕಾಯಬೇಕು, ನಮ್ಮ ಕಡೆ ಅದಕ್ಕೇನೂ ಕೊರತೆಯಿಲ್ಲ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಒಂದು ಮಾತು. ಪ್ರಿಸಂ ಕೊಂಡರೆ ಮಳೆಗಾಲದ ಯೋಚನೆ ಮೊದಲೇ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಆಕಾಶ ಇಲ್ಲ, ಆದರೆ ಗಾಜಿಗೆ ಬೂಷ್ಟು ಹಿಡಿಯಲು ಅದೇ ಸರಿಯಾದ ಕಾಲ. ಕನ್ನಡಿ ಡಯಾಗೊನಲ್ಲಿನ ಹಿಂದಿನ ತಟ್ಟೆಯನ್ನು ತಿರುಪು ಬಿಚ್ಚಿ ತೆಗೆದು ಒರೆಸಬಹುದು. ಅಮಿಚಿಯನ್ನು ಬಿಚ್ಚಿದರೆ ಮತ್ತೆ ಅದೇ ಕೋನಕ್ಕೆ ಕೂರಿಸುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ಬದಲಾದರೆ ಒಲೆಯ ಹತ್ತಿರ ಒಣಗಿಸಿ ಮತ್ತೆ ಹಾಕುವುದು. ಅಮಿಚಿ, ಫೈಂಡರ್, ಐಪೀಸ್ ಎಲ್ಲಾ ಒಂದೇ ಡಬ್ಬಿಗೆ ಹೋಗಲಿ. ಕ್ಯಾಮೆರಾ ಬ್ಯಾಗಿನಲ್ಲಿ ಇಡಬೇಡಿ, ಅದರ ಸ್ಪಂಜು ತೇವ ಹಿಡಿದಿಡುತ್ತದೆ.